ಮಾತ್ರೆಗೂ ಮೊದಲಿನ ಮದ್ದು: ಹುಬ್ಬಳ್ಳಿ ಕಲಿಸುವ ಪಾಠ



ಪ್ರತಿಜೀವಕ ಔಷಧಿ, ಅಂದರೆ ನಾವೆಲ್ಲ ಬಲ್ಲ ಆಂಟಿಬಯಾಟಿಕ್, ಮಾನವನ ಕೈಸೇರಿ ಇನ್ನೂ ನೂರು ವರ್ಷ ತುಂಬಿಲ್ಲ. 1928ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಗುರುತಿಸಿದರು. ಅದು ರೋಗಿಗಳ ಹಾಸಿಗೆಯವರೆಗೆ ಬಂದದ್ದು 1940ರ ದಶಕದಲ್ಲಿ. 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸುವಾಗಲೇ ಫ್ಲೆಮಿಂಗ್ ಒಂದು ಎಚ್ಚರಿಕೆ ಕೊಟ್ಟಿದ್ದರು: ಅರೆಬರೆ ಪ್ರಮಾಣದಲ್ಲಿ ಈ ಮದ್ದನ್ನು ಬಳಸಿದರೆ ರೋಗಾಣುಗಳು ಅದನ್ನು ತಾಳಿಕೊಳ್ಳಲು ಕಲಿತುಬಿಡುತ್ತವೆ ಎಂದು. ಆ ಮಾತು ಇಂದು ನಿಜವಾಗಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ನೇ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ಹಾಗಾದರೆ ಆಂಟಿಬಯಾಟಿಕ್‌ಗೆ ಪರ್ಯಾಯವೇನು? ಈ ಪ್ರಶ್ನೆ ಕೇಳಿದೊಡನೆ ನಮ್ಮ ಕಣ್ಣು ಭವಿಷ್ಯದ ಕಡೆಗೆ ಹೊರಳುತ್ತದೆ. ಯಾರೋ ವಿಜ್ಞಾನಿ, ಎಲ್ಲಿಯೋ ದೂರದ ದೇಶದಲ್ಲಿ, ಹೊಸ ಮದ್ದೊಂದನ್ನು ಕಂಡುಹಿಡಿದಾರು ಎಂದು ಕಾಯುತ್ತೇವೆ. ಆದರೆ ಪರ್ಯಾಯಗಳಲ್ಲಿ ಮುಖ್ಯವಾದವು ಆಂಟಿಬಯಾಟಿಕ್‌ಗಿಂತಲೂ ಹಳೆಯವು. ಅವುಗಳಲ್ಲಿ ಒಂದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮದೇ ಹುಬ್ಬಳ್ಳಿಯಲ್ಲಿ, 1898ರಲ್ಲಿ. ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಇಂದಿಗೆ ಪ್ರಯೋಜನಕಾರಿಯಾದೀತು.

ರೈಲಿನೊಡನೆ ಬಂದ ಮಾರಿ

1896ರಲ್ಲಿ ಮುಂಬಯಿ ಬಂದರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಇಲಿಗಳು ಸಾಯುವವು, ಅವುಗಳ ಮೈಮೇಲಿನ ಚಿಗಟಗಳು ಮನುಷ್ಯರನ್ನು ಕಚ್ಚುವವು, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಕೆಲವೇ ದಿನಗಳಲ್ಲಿ ಸಾವು. ಚಿಗಟದ ಪಾತ್ರವಂತೂ ಆಗ ಖಚಿತವಾಗಿ ತಿಳಿದೂ ಇರಲಿಲ್ಲ. ಅಲ್ಲಿಂದ ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಹುಬ್ಬಳ್ಳಿ ಆಗ ಸುಮಾರು 50 ಸಾವಿರ ಜನರ ಊರು. ಹತ್ತಿಯ ದೊಡ್ಡ ಪೇಟೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಕಾರ್ಯಾಗಾರ ತೆರೆದು, ಊರು ರೈಲು ಹಾದಿಗಳ ಕೂಡುತಾಣವಾಗಿತ್ತು. ಜನ ಮತ್ತು ಸರಕು ಸಾಗಿದ ಹಾದಿಯಲ್ಲೇ ಪ್ಲೇಗೂ ಸಾಗಿತು. 1898ರಲ್ಲಿ ಅದು ಹುಬ್ಬಳ್ಳಿಯಲ್ಲಿ ಭೀಕರ ರೂಪ ತಾಳಿತು. ಧಾರವಾಡ, ಗದಗಗಳನ್ನೂ ಹಿಡಿಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನೂ ಮುಟ್ಟಿತು.

ಸರಕಾರಕ್ಕೆ ಆಗ ತಿಳಿದಿದ್ದ ದಾರಿ ಒಂದೇ: ಬಲವಂತ. ಮನೆಗಳ ತಪಾಸಣೆ, ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದು, ಮನೆಯವರನ್ನು ಊರಾಚೆಯ ಶಿಬಿರಗಳಲ್ಲಿ ಇರಿಸುವುದು, ಮನೆಯ ಮಾಡು ಕಿತ್ತು ಬಿಸಿಲು ಬಿಡುವುದು, ಸಾಮಾನು ಸುಡುವುದು. ಇದರಿಂದ ಜನರಿಗೆ ರೋಗದ ಭಯದ ಮೇಲೆ ಸರಕಾರದ ಭಯವೂ ಸೇರಿತು. ರೋಗಿಗಳನ್ನು ಅಡಗಿಸಿಡುವುದು ಸಾಮಾನ್ಯವಾಯಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳು ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಬಹುಕಾಲ ಉಳಿದು ಬಂದವು.

ಒಂದು ಊರು ತೋಳು ಚಾಚಿದ ವರ್ಷ

ಈ ನಡುವೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಕೊಠಡಿಯೊಂದರಲ್ಲಿ ಬೇರೆಯೇ ಕೆಲಸ ನಡೆದಿತ್ತು. ಒಡೆಸ್ಸಾ ನಗರದಲ್ಲಿ ಹುಟ್ಟಿದ ಯೆಹೂದ್ಯ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು, ಕಾಲರಾ ಲಸಿಕೆಯೊಡನೆ 1893ರಲ್ಲಿ ಭಾರತಕ್ಕೆ ಬಂದವರು. ಅವರು ಪ್ಲೇಗಿನ ರೋಗಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಆ ಹನಿಗಳಿಗೆ ಜೋತುಬಿದ್ದು ಹುಲುಸಾಗಿ ಬೆಳೆಯುತ್ತಿದ್ದವು. ಬಳಿಕ ಆ ದ್ರವವನ್ನು ಕಾಯಿಸಿ ರೋಗಾಣುಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಲಸಿಕೆ ತಯಾರಿಸಿದರು. ಸತ್ತ ರೋಗಾಣುವನ್ನು ಕಂಡ ದೇಹ, ಜೀವಂತ ರೋಗಾಣು ಬರುವ ಮೊದಲೇ ಹೋರಾಟಕ್ಕೆ ಸಿದ್ಧವಾಗುತ್ತದೆ ಎಂಬುದು ಅದರ ತತ್ವ. 1897ರ ಜನವರಿ 10ರಂದು ಹಾಫ್ಕಿನ್ ಮೊದಲ ಚುಚ್ಚುಮದ್ದನ್ನು ತಮ್ಮ ಮೈಗೇ ಹಾಕಿಸಿಕೊಂಡರು. ಜ್ವರ ಬಂದಿತು, ನೋವಾಯಿತು, ಆದರೆ ಅಪಾಯವಾಗಲಿಲ್ಲ. ತಿಂಗಳ ಕೊನೆಗೆ ಬೈಕುಲ್ಲಾ ಸೆರೆಮನೆಯ ಕೈದಿಗಳಲ್ಲಿ ಒಪ್ಪಿದವರಿಗೆ ಹಾಕಲಾಯಿತು.

ಈ ಲಸಿಕೆ ಒಂದು ಊರಿಗೆ ಊರನ್ನೇ ತಲುಪಿದ್ದು ಹುಬ್ಬಳ್ಳಿಯಲ್ಲಿ. 1898ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ವೈದ್ಯಾಧಿಕಾರಿ ಕ್ಯಾಪ್ಟನ್ ಲ್ಯೂಮನ್ ಮತ್ತು ಅವರ ಸಹಾಯಕರು ಚುಚ್ಚುಮದ್ದು ಹಾಕುತ್ತಲೇ ಹೋದರು. 30 ಸಾವಿರಕ್ಕೂ ಹೆಚ್ಚು ಜನ, ಅಂದರೆ ಊರಿನ ಬಹುಪಾಲು ಜನ, ಕೆಲವೇ ತಿಂಗಳಲ್ಲಿ ತೋಳು ಚಾಚಿದರು. ಒಂದೆರಡು ದಿನ ಜ್ವರ, ತೋಳಿನ ಬಾವು ಸಹಿಸಬೇಕಿತ್ತು. ಕೂಲಿ ಮಾಡಿ ಉಣ್ಣುವವನಿಗೆ ಎರಡು ದಿನದ ಜ್ವರವೆಂದರೆ ಎರಡು ದಿನದ ಕೂಲಿ ಹೋಯಿತೆಂದೇ ಅರ್ಥ. ಆದರೂ ಬಂದರು. ಧಾರವಾಡ, ಗದಗಗಳಲ್ಲಿಯೂ ಈ ಕೆಲಸ ನಡೆಯಿತು.

ಫಲವೇನಾಯಿತು? ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ, ಚುಚ್ಚಿಸಿಕೊಳ್ಳದೆ ಉಳಿದವರಲ್ಲಿ ಭಯಂಕರವಾಗಿ ಹೆಚ್ಚು ಎಂದು ಹಾಫ್ಕಿನ್ ಅಂಕಿಅಂಶ ಮುಂದಿಟ್ಟರು. ಸರಕಾರ ನೇಮಿಸಿದ್ದ ಪ್ಲೇಗ್ ಆಯೋಗ ಆ ಲೆಕ್ಕವನ್ನು ಇದ್ದಂತೆಯೇ ಒಪ್ಪಲಿಲ್ಲ. ಊರು ಬಿಟ್ಟುಹೋದವರೆಷ್ಟು, ಬಂದವರೆಷ್ಟು ಎಂಬ ಎಣಿಕೆ ಆ ಗಲಿಬಿಲಿಯಲ್ಲಿ ಕರಾರುವಾಕ್ಕಾಗಿ ಸಿಗುವುದು ಕಷ್ಟವೇ ಸರಿ. ಆದರೂ ಲಸಿಕೆ ಪೂರ್ಣ ರಕ್ಷೆಯಲ್ಲವಾದರೂ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ ಎಂಬುದನ್ನು ಆಯೋಗವೂ ಅಂಗೀಕರಿಸಿತು. ಪ್ಲೇಗಿಗೆ ಒಂದೇ ಒಂದು ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಸಿಕ್ಕ ಜಯವಿದು.

ಈ ಜಯ ಎಷ್ಟು ನಾಜೂಕಾದುದು ಎಂಬುದನ್ನೂ ಚರಿತ್ರೆ ದಾಖಲಿಸಿದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಹೊಣೆಯನ್ನು ಹಾಫ್ಕಿನ್ ಮೇಲೆ ಹೊರಿಸಲಾಯಿತು. ಅವರು ಹುದ್ದೆ ಕಳೆದುಕೊಂಡರು. ಸೀಸೆ ಕಲುಷಿತವಾದದ್ದು ಪ್ರಯೋಗಾಲಯದಲ್ಲಿ ಅಲ್ಲ, ಹಳ್ಳಿಯಲ್ಲಿ ಅದನ್ನು ತೆರೆಯುವಾಗ ಎಂಬುದು ಸ್ಪಷ್ಟವಾಗಿ, ಅವರು ದೋಷಮುಕ್ತರಾಗಲು 1907 ಬರಬೇಕಾಯಿತು. ಲಕ್ಷಾಂತರ ಜನರ ವಿಶ್ವಾಸ ಒಂದು ಸೀಸೆಯ ಶುಚಿತ್ವದ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮುಂಬಯಿಯ ಪರೇಲ್‌ನಲ್ಲಿ ಅವರು ಕಟ್ಟಿದ ಪ್ರಯೋಗಾಲಯ 1925ರಿಂದ ಹಾಫ್ಕಿನ್ ಸಂಸ್ಥೆ ಎಂಬ ಹೆಸರು ಹೊತ್ತಿದೆ.

ಗಂಗೆಯ ನೀರಿನ ಒಗಟು

ಲಸಿಕೆ ರೋಗ ಬಾರದಂತೆ ತಡೆಯುತ್ತದೆ. ಈಗಾಗಲೇ ಹಾಸಿಗೆ ಹಿಡಿದವರ ಗತಿಯೇನು? ಅವರಿಗಾಗಿಯೂ ಆ ಕಾಲ ಎರಡು ದಾರಿಗಳನ್ನು ಹುಡುಕಿತ್ತು. ಮೊದಲನೆಯದು ಸೀರಂ ಚಿಕಿತ್ಸೆ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೋ, ಒಂದು ಪ್ರಾಣಿಯ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ತೆಗೆದು ಇನ್ನೊಂದಕ್ಕೆ ಕೊಟ್ಟು ಕಾಪಾಡಬಹುದೆಂದು ತೋರಿಸಿದರು. ಗಂಟಲಮಾರಿಯಿಂದ ಉಸಿರುಗಟ್ಟಿ ಸಾಯುತ್ತಿದ್ದ ಮಕ್ಕಳು ಬದುಕಿದರು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಬೇರಿಂಗ್ ಅವರಿಗೆ ಸಂದದ್ದು ಇದಕ್ಕಾಗಿಯೇ.

ಎರಡನೆಯ ದಾರಿ ಇನ್ನೂ ವಿಚಿತ್ರವಾದುದು. ಅದರ ಜಾಡು ನಮ್ಮ ದೇಶದಿಂದಲೇ ಹೊರಡುತ್ತದೆ. 1896ರಲ್ಲಿ, ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಒಂದು ವರದಿ ಪ್ರಕಟಿಸಿದರು. ಗಂಗಾ, ಯಮುನಾ ನದಿಗಳ ನೀರಿಗೆ ಕಾಲರಾ ರೋಗಾಣುವನ್ನು ಹಾಕಿದರೆ ಅದು ಕೆಲವೇ ಗಂಟೆಗಳಲ್ಲಿ ಸಾಯುತ್ತಿತ್ತು. ಅದೇ ನೀರನ್ನು ಕುದಿಸಿದರೆ ಆ ಗುಣ ಉಳಿಯುತ್ತಿರಲಿಲ್ಲ. ಕಾರಣ ಅವರಿಗೆ ಹೊಳೆಯಲಿಲ್ಲ. (ನದಿಯ ನೀರನ್ನು ಹಾಗೆಯೇ ಕುಡಿಯಬಹುದೆಂದು ಇದರ ಅರ್ಥವಲ್ಲ!) ಮುಂದೆ 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪಾಶ್ಚರ್ ಸಂಸ್ಥೆಯ ಫೆಲಿಕ್ಸ್ ಡೆರೆಲ್, ಬ್ಯಾಕ್ಟೀರಿಯಾಗಳನ್ನೇ ತಿಂದುಹಾಕುವ ಅತಿಸೂಕ್ಷ್ಮ ಜೀವಕಣವೊಂದಿದೆ ಎಂದು ತೋರಿಸಿದರು. ಡೆರೆಲ್ ಅದಕ್ಕೆ ಬ್ಯಾಕ್ಟೀರಿಯೋಫೇಜ್, ಅಂದರೆ ರೋಗಾಣುಭಕ್ಷಕ ಎಂದು ಹೆಸರಿಟ್ಟರು. ಇದೊಂದು ವೈರಸ್. ಆದರೆ ಮನುಷ್ಯನ ಜೀವಕೋಶದ ಗೊಡವೆಗೆ ಅದು ಹೋಗುವುದಿಲ್ಲ. ತನಗೆ ಒಗ್ಗುವ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಅದರೊಳಗೆ ತನ್ನ ಸಂತಾನವನ್ನು ಹೆಚ್ಚಿಸಿಕೊಂಡು, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ.

1927ರಲ್ಲಿ ಡೆರೆಲ್ ಭಾರತಕ್ಕೇ ಬಂದರು. ಪಂಜಾಬಿನ ಹಳ್ಳಿಗಳಲ್ಲಿ ಕಾಲರಾ ರೋಗಿಗಳಿಗೆ ಫೇಜ್ ದ್ರವವನ್ನು ಕುಡಿಸಿದರು, ಬಾವಿಗಳಿಗೂ ಸುರಿದರು. ನಂತರದ ವರ್ಷಗಳಲ್ಲಿ ಅಸ್ಸಾಮಿನ ನೌಗಾಂವ್ ಪ್ರದೇಶದಲ್ಲಿ ಫೇಜ್ ಹಂಚಿ, ಹಂಚದ ಹಬಿಗಂಜ್ ಪ್ರದೇಶದೊಡನೆ ಹೋಲಿಸಿ ನೋಡುವ ದೊಡ್ಡ ಪ್ರಯೋಗ ನಡೆಯಿತು. ಫಲಿತಾಂಶ ಆಶಾದಾಯಕವಾಗಿ ಕಂಡರೂ ವಾದಕ್ಕೆ ಎಡೆಯಿತ್ತು; ಕಾಲರಾ ತಾನಾಗಿಯೇ ಒಂದು ವರ್ಷ ಏರಿ ಮತ್ತೊಂದು ವರ್ಷ ಇಳಿಯುವ ರೋಗ. ಮೇಲಾಗಿ, ಒಂದೊಂದು ಫೇಜ್ ಒಂದೊಂದು ಜಾತಿಯ ರೋಗಾಣುವಿಗೆ ಮಾತ್ರ ಶತ್ರು. ಯಾವ ರೋಗಾಣು ಎಂದು ಪತ್ತೆಹಚ್ಚದೆ ಕೊಟ್ಟರೆ ವ್ಯರ್ಥ. ಹೀಗಿರುವಾಗ ಪೆನಿಸಿಲಿನ್ ಬಂದಿತು. ಹಲವು ಬಗೆಯ ರೋಗಾಣುಗಳನ್ನು ಒಂದೇ ಏಟಿಗೆ ಕೊಲ್ಲುವ ಮದ್ದು ಕೈಗೆ ಸಿಕ್ಕಮೇಲೆ ಈ ತಾಳ್ಮೆಯ ಕೆಲಸ ಯಾರಿಗೆ ಬೇಕಿತ್ತು? ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 1923ರಲ್ಲಿ ಆರಂಭವಾದ ಎಲಿಯಾವಾ ಸಂಸ್ಥೆಯಂಥ ಕೆಲವು ಕಡೆ ಬಿಟ್ಟರೆ ಜಗತ್ತು ಫೇಜ್ ಅನ್ನು ಬಹುಮಟ್ಟಿಗೆ ಮರೆತುಬಿಟ್ಟಿತು.

ಮದ್ದು ಸೋಲತೊಡಗಿದಾಗ

ಮರೆತದ್ದನ್ನು ನೆನಪಿಸಿದ್ದು ರೋಗಾಣುಗಳೇ. ವಿಷಮಶೀತ ಜ್ವರ, ಅಂದರೆ ಟೈಫಾಯಿಡ್‌ನ ಉದಾಹರಣೆ ತೆಗೆದುಕೊಳ್ಳಿ. 1948ರಲ್ಲಿ ಬಂದ ಕ್ಲೋರಾಂಫೆನಿಕಾಲ್ ಅದಕ್ಕೆ ರಾಮಬಾಣವೆನಿಸಿತ್ತು. 1972ರಲ್ಲಿ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಆ ಔಷಧಿಗೆ ಬಗ್ಗದ ಟೈಫಾಯಿಡ್ ಹಬ್ಬಿತು. ಮುಂದೆ ಒಂದೊಂದಾಗಿ ಬೇರೆ ಔಷಧಿಗಳೂ ಕೈಕೊಟ್ಟವು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ಟೈಫಾಯಿಡ್‌ಗೆ ಬಾಯಿಯ ಮೂಲಕ ಕೊಡಬಹುದಾದ ಔಷಧಿಗಳಲ್ಲಿ ಕೆಲಸ ಮಾಡುವುದು ಒಂದೇ ಉಳಿಯಿತು. ಆಗ ಆಸರೆಯಾದದ್ದು ಯಾವುದು? ಲಸಿಕೆ. ಅದೂ ನಮ್ಮ ದಖ್ಖನಿನ ಹೈದರಾಬಾದಿನಲ್ಲಿ ತಯಾರಾದ ಟೈಫಾಯಿಡ್ ಲಸಿಕೆ. 2019ರಲ್ಲಿ ಪಾಕಿಸ್ತಾನ ಅದನ್ನು ಮಕ್ಕಳ ನಿಯತ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿದ ಮೊದಲ ದೇಶವಾಯಿತು. ಎರಡು ಹೈದರಾಬಾದುಗಳ ನಡುವೆ ಗಡಿ ಇತ್ತು, ವೈರವಿತ್ತು. ಆದರೂ ಒಂದರ ಮದ್ದು ಇನ್ನೊಂದರ ಮಕ್ಕಳನ್ನು ತಲುಪಿತು.

ಲಸಿಕೆಯ ಹಿರಿಮೆ ಇಲ್ಲಿದೆ. ರೋಗವೇ ಬಾರದಿದ್ದರೆ ಔಷಧಿ ನುಂಗುವ ಪ್ರಸಂಗ ಬಾರದು. ಔಷಧಿಯ ಬಳಕೆ ತಗ್ಗಿದಂತೆ ರೋಗಾಣುಗಳಿಗೆ ಅದನ್ನು ಎದುರಿಸಲು ಕಲಿಯುವ ಅವಕಾಶವೂ ತಗ್ಗುತ್ತದೆ. ಲಸಿಕೆಗಳನ್ನು ಸರಿಯಾಗಿ ಬಳಸಿದರೆ ಜಗತ್ತಿನ ಆಂಟಿಬಯಾಟಿಕ್ ಬಳಕೆಯನ್ನು ನೂರಕ್ಕೆ 22ರಷ್ಟು ಇಳಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತು.

ಫೇಜ್ ಕೂಡ ಮರಳಿ ಬಂದಿದೆ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಯಾವ ಔಷಧಿಗೂ ಬಗ್ಗದ ಸೋಂಕಿನಿಂದ ಸಾವಿನ ಅಂಚಿಗೆ ಹೋಗಿದ್ದರು. ಸಾಂಕ್ರಾಮಿಕ ರೋಗಗಳ ತಜ್ಞೆಯಾದ ಅವರ ಪತ್ನಿ ಸ್ಟೆಫನಿ ಸ್ಟ್ರಾತ್‌ಡೀ ಹಳೆಯ ಫೇಜ್ ಚಿಕಿತ್ಸೆಯನ್ನು ಹುಡುಕಿ ತೆಗೆದು, ಹಲವು ಪ್ರಯೋಗಾಲಯಗಳ ನೆರವು ಬೇಡಿ, ಪತಿಯನ್ನು ಬದುಕಿಸಿಕೊಂಡರು. ನಮ್ಮ ರಾಜ್ಯದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇದಕ್ಕೂ ಮೊದಲೇ, 2006-07ರ ವೇಳೆಗೆ, ಇಡ್ಯ ಕರುಣಾಸಾಗರ್ ಹಾಗೂ ಇಂದ್ರಾಣಿ ಕರುಣಾಸಾಗರ್ ಅವರ ತಂಡ ಸಿಗಡಿ ಮರಿಗಳನ್ನು ಕೊಲ್ಲುವ ರೋಗಾಣುವಿನ ಮೇಲೆ ಫೇಜ್ ಪ್ರಯೋಗಿಸಿತ್ತು. ಆಂಟಿಬಯಾಟಿಕ್ ಹಾಕಿದ ತೊಟ್ಟಿಗಳಿಗಿಂತ ಫೇಜ್ ಹಾಕಿದ ತೊಟ್ಟಿಗಳಲ್ಲಿ ಹೆಚ್ಚು ಮರಿಗಳು ಉಳಿದವು. ನಾವು ತಿನ್ನುವ ಮೀನು, ಕೋಳಿಗಳ ಸಾಕಣೆಯಲ್ಲಿ ಆಂಟಿಬಯಾಟಿಕ್ ಸುರಿಯುವ ಚಾಳಿ ನಿಂತರೆ ನಮ್ಮ ಔಷಧಿಗಳ ಆಯುಷ್ಯವೂ ಹೆಚ್ಚೀತು. ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಆದರೆ ಮನುಷ್ಯರಿಗೆ ಫೇಜ್ ಇನ್ನೂ ನಮ್ಮ ದೇಶದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಕಿತ್ಸೆಯಲ್ಲ. ಅದನ್ನೇ ನೆಚ್ಚಿ ಕೂರುವಂತಿಲ್ಲ.

ನಲ್ಲಿಯ ನೀರೂ ಒಂದು ಮದ್ದು

ಮತ್ತೆ ಹುಬ್ಬಳ್ಳಿ-ಧಾರವಾಡಕ್ಕೆ ಬರೋಣ. 1898ರ ನಂತರ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಈ ಅವಳಿ ನಗರ ಮತ್ತೊಮ್ಮೆ ವಿಜ್ಞಾನದ ಕಣ್ಣಿಗೆ ಬಿದ್ದಿತು. ಈ ಬಾರಿ ಸೂಜಿಯಿಂದಲ್ಲ, ನಲ್ಲಿಯಿಂದ.

ಹಲವು ದಿನಗಳಿಗೊಮ್ಮೆ ಕೆಲವು ಗಂಟೆ ನೀರು ಬಿಡುವುದು ಇಲ್ಲಿನ ವಾಡಿಕೆ. ನೀರಿಲ್ಲದ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಬಿರುಕುಗಳ ಮೂಲಕ ಗಟಾರದ ಕೊಳೆ ಒಳಗೆ ಜಿನುಗುತ್ತದೆ. ನೀರು ಬಿಟ್ಟೊಡನೆ ಆ ಕೊಳೆ ನಮ್ಮ ಕೊಡಕ್ಕೆ ಬರುತ್ತದೆ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ 8 ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನವರೊಡಗೂಡಿ ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿದರು. ಬಿಟ್ಟುಬಿಟ್ಟು ಬರುವ ನಲ್ಲಿಯ ನೀರಿನ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಮಲದ ರೋಗಾಣುವಿನಿಂದ ಕೆಟ್ಟಿತ್ತು. ನಿರಂತರ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 2010-11ರಲ್ಲಿ ಸುಮಾರು 4 ಸಾವಿರ ಮನೆಗಳನ್ನು ಸಂದರ್ಶಿಸಿದಾಗ, ನಿರಂತರ ನೀರಿದ್ದ ಕಡೆ ಟೈಫಾಯಿಡ್ ಬಂದುಹೋದುದಾಗಿ ಹೇಳಿದ ಮನೆಗಳು ನೂರಕ್ಕೆ 42ರಷ್ಟು ಕಡಿಮೆಯಿದ್ದವು.

ಇನ್ನೊಂದು ಅಂಶವನ್ನೂ ಆ ಅಧ್ಯಯನ ಮರೆಮಾಚಲಿಲ್ಲ. ಮಕ್ಕಳ ಸಾಮಾನ್ಯ ಅತಿಸಾರದಲ್ಲಿ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಲ್ಲಿಯಲ್ಲಿ ಶುದ್ಧವಾಗಿದ್ದ ನೀರು ಮನೆಯ ಕೊಡದಲ್ಲಿ, ಮುಚ್ಚದ ಹಂಡೆಯಲ್ಲಿ, ಕೈ ಅದ್ದಿ ತೆಗೆಯುವಾಗ ಮತ್ತೆ ಕೆಡುವುದು ಇದಕ್ಕೊಂದು ಕಾರಣವಿರಬಹುದು. ಅಂದರೆ ನಗರಪಾಲಿಕೆಯ ಕೆಲಸ ನಲ್ಲಿಯವರೆಗೆ. ಅಲ್ಲಿಂದ ಲೋಟದವರೆಗಿನ ಕೆಲಸ ನಮ್ಮದು.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯಿಂದ ಒಂದು ಸತ್ಯ ತೇಲಿಬರುತ್ತದೆ. ಮಾತ್ರೆಯನ್ನು ಒಬ್ಬನೇ ಕೊಂಡು, ಒಬ್ಬನೇ ನುಂಗಬಹುದು. ಪರ್ಯಾಯಗಳು ಹಾಗಲ್ಲ. 1898ರಲ್ಲಿ ನೂರು ಮನೆಯವರು ಮಾತ್ರ ಚುಚ್ಚಿಸಿಕೊಂಡಿದ್ದರೆ ಹುಬ್ಬಳ್ಳಿಗೆ ಸಿಕ್ಕ ರಕ್ಷಣೆ ಎಷ್ಟಿರುತ್ತಿತ್ತು? ಒಂದು ಮನೆಗೆ ಮಾತ್ರ ಶುದ್ಧ ಕೊಳವೆ ಹಾಕಲು ಬರುತ್ತದೆಯೇ? ಈ ಮದ್ದುಗಳು ಊರು ಕೂಡಿ ಸೇವಿಸಬೇಕಾದವು. ವಿಶ್ವಾಸ, ತಾಳ್ಮೆ, ನೆರೆಯವರ ಹಿತದ ಚಿಂತೆ, ಇವಿಲ್ಲದೆ ಅವು ಫಲಿಸುವುದಿಲ್ಲ. ನಾವು ಸುಲಭದ ಮಾತ್ರೆಯನ್ನು ನೆಚ್ಚಿ ಕಷ್ಟದ ಕೂಡುಬಾಳಿನ ಕೆಲಸವನ್ನು ಬದಿಗಿರಿಸಿದೆವು. ಈಗ ಮಾತ್ರೆಯೇ ಸೋಲುತ್ತಿರುವಾಗ ಆ ಕೆಲಸಕ್ಕೆ ಮರಳದೆ ಗತ್ಯಂತರವಿಲ್ಲ.

ಹಾಗೆಂದು ಆಂಟಿಬಯಾಟಿಕ್ ಬೇಡವೆಂದು ಯಾರೂ ತಿಳಿಯಬಾರದು. ನ್ಯುಮೋನಿಯಾ, ಟೈಫಾಯಿಡ್, ಕ್ಷಯ, ಬಾಣಂತಿಯ ನಂಜು, ಇವುಗಳಿಗೆ ವೈದ್ಯರು ಬರೆದುಕೊಟ್ಟ ಮದ್ದೇ ಇಂದಿಗೂ ಜೀವರಕ್ಷಕ. ಅದನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಪರ್ಯಾಯಗಳು ಬೇಕು. ಶೀತ, ನೆಗಡಿಗಳಿಗೆ ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಕೊಳ್ಳಬೇಡಿ. ಅವು ಹೆಚ್ಚಾಗಿ ವೈರಸ್ಸಿನಿಂದ ಬರುವಂಥವು, ಅವುಗಳ ಮೇಲೆ ಆ ಮದ್ದು ನಡೆಯದು. ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬ ಸೂಚನೆ ಅದು. ಕಳೆದ ಸಲ ಉಳಿದ ಮಾತ್ರೆಯನ್ನು ಈ ಸಲ ನುಂಗಬೇಡಿ. ಪಕ್ಕದ ಮನೆಯವರಿಗೂ ಕೊಡಬೇಡಿ. ಮಕ್ಕಳ ಲಸಿಕೆಯ ಕಾರ್ಡನ್ನು ತೆಗೆದು ನೋಡಿ, ತಪ್ಪಿದ್ದರೆ ಹಾಕಿಸಿ. ವಯಸ್ಸಾದ ತಂದೆತಾಯಂದಿರಿಗೆ ಬೇಕಾದ ಲಸಿಕೆಗಳ ಬಗ್ಗೆ ವೈದ್ಯರನ್ನು ವಿಚಾರಿಸಿ. ಕುಡಿಯುವ ನೀರನ್ನು ಮುಚ್ಚಿಡಿ, ಹಿಡಿಕೆಯ ಸೌಟಿನಿಂದಲೇ ತೆಗೆಯಿರಿ. ವಾರ್ಡಿನ ಸಭೆಯಲ್ಲಿ ರಸ್ತೆಯ ಬಗ್ಗೆ ಕೇಳುವಂತೆಯೇ ಕೊಳವೆಯ ಬಗ್ಗೆಯೂ ಕೇಳಿ.

ನಮ್ಮ ಅನೇಕ ದೇವಾಲಯಗಳಲ್ಲಿ ಸಂತ ಸೆಬಾಸ್ಟಿಯನ್, ಸಂತ ರೋಕ್ ಅವರ ಸ್ವರೂಪಗಳಿವೆ. ಪ್ಲೇಗಿನ ಕಾಲದಲ್ಲಿ ಜನ ಮೊರೆಹೊಕ್ಕ ಸಂತರು ಅವರು. ಸಂತ ರೋಕ್ ಪ್ಲೇಗಿನ ರೋಗಿಗಳ ಆರೈಕೆ ಮಾಡಿದವರೆಂದು ಪರಂಪರೆ ಹೇಳುತ್ತದೆ. ಮೊರೆಯಿಡುವುದರ ಜೊತೆಗೆ ಮತ್ತೊಬ್ಬರ ಕ್ಷೇಮಕ್ಕಾಗಿ ಕೈ ಚಾಚುವುದೂ ಆ ಭಕ್ತಿಯ ಭಾಗವೇ ಆಗಿತ್ತು. 1898ರ ಹುಬ್ಬಳ್ಳಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಸಾವಿರಾರು ಜನ, ಹೆಸರು ತಿಳಿಯದ ಜನ, ಎರಡು ದಿನದ ಜ್ವರ ಸಹಿಸಿ ತೋಳು ಚಾಚಿದರು. ಅವರಿಗೆ ಇದ್ದ ಮದ್ದು ನಮ್ಮದಕ್ಕಿಂತ ಕಡಿಮೆ. ಅವರು ತೋರಿದ ಒಗ್ಗಟ್ಟು ನಮಗೂ ಬೇಕಾಗಿದೆ.